ಹಳದಿ ಬಣ್ಣದೊಳಗಿನ ಮನೆಗಳು



ತುಮಕೂರು, ಗುಬ್ಬಿ, ಕುಣಿಗಲ್ಲುಗಳಿಂದ ಬಂದು ನಾವು ಸೇರಿರುವ ಈ ದೇವರಾಯನದುರ್ಗದಲ್ಲಿ ಒಬ್ಬನೇ ದೇವರಿಗೆ ಎರಡು ಮನೆಗಳಿವೆ. ಕೆಳಗೆ ಭೋಗನರಸಿಂಹ ಲಕ್ಷ್ಮಿಯೊಡನೆ ಸಂಸಾರಸ್ಥನಾಗಿ ನೆಲೆಸಿದ್ದಾನೆ. ತೇರು, ಜಾತ್ರೆ, ಅಂಗಡಿಸಾಲು ಎಲ್ಲ ಅವನ ಬಾಗಿಲಲ್ಲೇ. ಮೆಟ್ಟಿಲು ಹತ್ತಿ ತುದಿಗೆ ಹೋದರೆ ಬಂಡೆ ಮತ್ತು ಗಾಳಿಯ ನಡುವೆ ಯೋಗನರಸಿಂಹ ಒಬ್ಬನೇ ಇದ್ದಾನೆ. ಬಾಳಿನ ಬೇರೆ ಬೇರೆ ಸ್ಥಿತಿಗೆ ಬೇರೆ ಬೇರೆ ಮನೆ ಬೇಕು ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದೂ ಅದನ್ನೇ. ಸಂಸಾರವಂದಿಗರು, ಓದಲು ಬಂದ ಹುಡುಗಿಯರು, ಕಾರ್ಖಾನೆಗೆ ದುಡಿಯಲು ಬಂದ ಒಂಟಿ ಗಂಡಸರು, ಮಕ್ಕಳು ದೂರ ಹೋದ ಮೇಲೆ ಉಳಿದುಕೊಂಡ ಮುದುಕರು, ಆಗತಾನೆ ಮದುವೆಯಾದ ಜೋಡಿ, ಇವರೆಲ್ಲ ಒಂದೇ ಬೀದಿಯಲ್ಲಿ, ಮರ್ಯಾದೆಯಿಂದ, ಕಾನೂನಿಗೆ ಹೆದರದೆ ಬಾಳುವಂತೆ ನಮ್ಮ ಊರುಗಳ ವಲಯ ನಿಯಮಗಳು ಬದಲಾಗಬೇಕು. ಊರು ತನ್ನ ಒಡಲಲ್ಲೇ ಜನರಿಗೆ ಜಾಗ ಮಾಡಿಕೊಟ್ಟರೆ ಮಾತ್ರ ಹೊರಗಿನ ಕೆರೆ, ತೋಟ, ಈ ಬೆಟ್ಟ ಉಳಿಯುತ್ತವೆ. ನನ್ನ ಉಪನ್ಯಾಸದ ಸಾರ ಇಷ್ಟೇ. ಉಳಿದದ್ದು ಅದರ ವಿವರ.

1. ಬಣ್ಣ ಬಳಿದವನ ಮಾತು

ನಾನು ಉದ್ಯೋಗದಲ್ಲಿ ನಕ್ಷೆಗಾರ. ಕಂಪ್ಯೂಟರು ಬರುವ ಮೊದಲು ಊರುಗಳ ಮಾಸ್ಟರ್ ಪ್ಲಾನುಗಳಿಗೆ ಕೈಯಿಂದ ಬಣ್ಣ ಬಳಿದವನು. ಮಾಸ್ಟರ್ ಪ್ಲಾನಿನಲ್ಲಿ ಪ್ರತಿ ಬಣ್ಣಕ್ಕೂ ಅರ್ಥವಿದೆ. ವಾಸದ ಪ್ರದೇಶಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. ಕುಂಚ ಅದ್ದಿ ಹಳದಿ ಎಳೆಯುತ್ತಾ ಹೋದಾಗ ನನ್ನ ಕಣ್ಣಿಗೆ ಅದೊಂದು ಶುದ್ಧವಾದ ಕೆಲಸವಾಗಿ ಕಾಣುತ್ತಿತ್ತು. ಆ ಹಳದಿಯೊಳಗೆ ಯಾರು ಇರುತ್ತಾರೆ, ಎಷ್ಟು ಜನ, ಯಾವ ಆದಾಯದವರು, ಅವರ ಮನೆ ಯಾವ ಆಕಾರದ್ದು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳುವಂತೆ ಮಾಡಿದವರು ನನ್ನ ಸೋದರತ್ತೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ತುಮಕೂರಿನ ಒಂದು ಬಡಾವಣೆಯಲ್ಲಿ 40ಕ್ಕೆ 60ರ ಸೈಟಿನಲ್ಲಿ ಮನೆ. ಮಾವ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಹಿತ್ತಲಿನ ಜಾಗದಲ್ಲಿ ಎರಡು ಪುಟ್ಟ ಮನೆ ಕಟ್ಟಿಸಿ, ಒಂದರಲ್ಲಿ ತಾವಿದ್ದು, ಇನ್ನೊಂದನ್ನು ನರ್ಸಿಂಗ್ ಓದುವ ಹುಡುಗಿಯರಿಗೆ ಕೊಟ್ಟು, ಮುಂದಿನ ದೊಡ್ಡ ಮನೆಯನ್ನು ಸಂಸಾರವೊಂದಕ್ಕೆ ಬಾಡಿಗೆಗೆ ಕೊಡಬೇಕೆಂಬುದು ಅವರ ಆಸೆ. ರಾತ್ರಿ ಒಂದು ಕೂಗು ಹಾಕಿದರೆ ಓಡಿ ಬರಲು ಪಕ್ಕದಲ್ಲಿ ಜನ ಇರಬೇಕು ಎಂಬುದಷ್ಟೇ ಅದರ ಹಿಂದಿನ ಲೆಕ್ಕ. ಪ್ಲಾನು ಬರೆಸಿ ಅರ್ಜಿ ಕೊಟ್ಟರು. ಹಿಂದೆ ಖಾಲಿ ಬಿಡಲೇಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ಮನೆ ಬರುವಂತಿಲ್ಲ, ಸೈಟನ್ನು ಒಡೆಯುವಂತಿಲ್ಲ ಎಂಬ ಉತ್ತರ ಬಂತು. ಅತ್ತೆ ನನ್ನನ್ನು ಕೂರಿಸಿಕೊಂಡು ಕೇಳಿದರು: “ನಾನೊಬ್ಬಳೇ ಇರಬೇಕು ಅಂತ ಯಾವ ಪುಸ್ತಕದಲ್ಲಿ ಬರ್ದಿದಾರಪ್ಪ?”

ಅದೇ ಬೀದಿಯಲ್ಲಿ ಅರ್ಜಿ ಕೊಡದೆಯೇ ಹಿತ್ತಲಲ್ಲಿ ಕಟ್ಟಿಕೊಂಡವರಿದ್ದರು. ಅತ್ತೆ ಆ ದಾರಿ ಹಿಡಿಯಲಿಲ್ಲ. ಜೀವಮಾನವಿಡೀ ಮಕ್ಕಳಿಗೆ ನೆಟ್ಟಗೆ ಬರೆಯಲು ಕಲಿಸಿದ ಕೈ ಅದು. ಕೊನೆಗೆ ಮನೆಗೆ ಬೀಗ ಹಾಕಿ ಬೆಂಗಳೂರಿನ ಮಗಳ ಮನೆಗೆ ಹೋದರು. ಯಾವ ಪುಸ್ತಕದಲ್ಲಿ ಬರೆದಿದೆ ಎಂಬ ಅವರ ಪ್ರಶ್ನೆಗೆ ನಾನು ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಕೊಡುತ್ತಿದ್ದೇನೆ.

2. ನಮಗೆ ಗೊತ್ತಿದ್ದ ಮನೆಗಳು

ಹಳದಿ ಬಣ್ಣ ಬರುವ ಮೊದಲು ನಮ್ಮ ಊರುಗಳಲ್ಲಿ ಎಷ್ಟು ಬಗೆಯ ಮನೆಗಳಿದ್ದವು ಎಂದು ಒಮ್ಮೆ ನೆನಪಿಸಿಕೊಳ್ಳೋಣ.

ಗುಬ್ಬಿಯ ಪೇಟೆಬೀದಿಯನ್ನು ತೆಗೆದುಕೊಳ್ಳಿ. 1800ರ ಸುಮಾರಿಗೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೆ ಬಂದಾಗ ಅದು ಆಗಲೇ ಹೆಸರಾದ ವ್ಯಾಪಾರದ ಊರು. ಅಂಥ ಪೇಟೆಯ ಮನೆಯ ಮುಖ ಅಂಗಡಿ, ನಡು ಸಂಸಾರ, ಹಿಂದೆ ಕೊಬ್ಬರಿ ಅಡಿಕೆಯ ದಾಸ್ತಾನು. ಅಕ್ಕಪಕ್ಕದ ಮನೆಗಳಿಗೆ ಗೋಡೆ ಒಂದೇ. ಬೀದಿಗೆ ತಾಗಿದ ಜಗುಲಿ, ಜಗುಲಿಯ ಮೇಲೆ ಕಂಬ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅದೇ ಜಗುಲಿ ಓದುವ ಹುಡುಗರಿಗೆ ಪಾಠಶಾಲೆ, ದಾರಿಹೋಕರಿಗೆ ಮಲಗುವ ಜಾಗ.

ಹಳ್ಳಿಗಳಲ್ಲಿ ತೊಟ್ಟಿಮನೆ. ಬೀದಿಗೆ ಬೆನ್ನು ಕೊಟ್ಟು, ಬೆಳಕನ್ನು ಮಧ್ಯದ ತೊಟ್ಟಿಯಿಂದ ಇಳಿಸಿಕೊಳ್ಳುವ ಮನೆ. ಅಣ್ಣತಮ್ಮಂದಿರು ಹಿಸ್ಸೆಯಾದರೆ ಮನೆ ಕೆಡವಬೇಕಾಗಿರಲಿಲ್ಲ, ಪಡಸಾಲೆಯಲ್ಲಿ ಗೋಡೆ ಎಬ್ಬಿಸಿ ಇನ್ನೊಂದು ಒಲೆ ಹೂಡಿದರೆ ಸಾಕಿತ್ತು. ಒಂದು ಮನೆ ಎರಡಾಗುತ್ತಿತ್ತು, ಮೂರಾಗುತ್ತಿತ್ತು, ಮುಂದಿನ ತಲೆಮಾರಿನಲ್ಲಿ ಮತ್ತೆ ಒಂದಾಗುವುದೂ ಉಂಟು.

ಪಟ್ಟಣಗಳಲ್ಲಿ ವಠಾರ. ನಡುವೆ ಅಂಗಳ, ಬಾವಿ ಅಥವಾ ನಲ್ಲಿ, ಸುತ್ತ ಆರೆಂಟು ಪುಟ್ಟ ಮನೆಗಳು. ಹೈಸ್ಕೂಲು ಮೇಷ್ಟ್ರು, ಟೈಲರು, ಕೋರ್ಟಿನ ಗುಮಾಸ್ತ, ಕಾಲೇಜು ಹುಡುಗರು ಒಂದೇ ಅಂಗಳದಲ್ಲಿ. ನಿರಂಜನರು ‘ರಂಗಮ್ಮನ ವಠಾರ’ ಎಂಬ ಕಾದಂಬರಿಯನ್ನೇ ಬರೆದರು. ಕಡಿಮೆ ಬಾಡಿಗೆಗೆ ಊರಿನ ನಡುವೆ ಒಂದು ಸೂರು ಕೊಟ್ಟು, ಹಳ್ಳಿಯ ಮಕ್ಕಳನ್ನು ನಗರದ ಓದು ಮತ್ತು ಕೆಲಸಕ್ಕೆ ದಾಟಿಸಿದ ಸೇತುವೆ ವಠಾರ. ನಾನು ಕೂಡ ತುಮಕೂರಿನ ಚಿಕ್ಕಪೇಟೆಯ ವಠಾರವೊಂದರಲ್ಲಿ ಇದ್ದು ಕಾಲೇಜು ಮುಗಿಸಿದವನು.

ಇದನ್ನೆಲ್ಲ ಹೇಳುವಾಗ ಹಳೆಯದನ್ನು ಬಂಗಾರ ಮಾಡಿ ತೋರಿಸಬಾರದು. ವಠಾರದಲ್ಲಿ ಎಂಟು ಮನೆಗೆ ಒಂದು ಕಕ್ಕಸು ಇತ್ತು, ಬೆಳಗಿನ ಜಾವ ಹೆಂಗಸರು ಪಟ್ಟ ಪಾಡನ್ನು ನಾನು ಕಂಡಿದ್ದೇನೆ. ಯಾರನ್ನು ಇಟ್ಟುಕೊಳ್ಳಬೇಕು ಎಂದು ವಠಾರದ ಯಜಮಾನರು ಜಾತಿ ಕೇಳಿಯೇ ತೀರ್ಮಾನಿಸುತ್ತಿದ್ದರು. ಊರಾಚೆಯ ಕೇರಿಯಲ್ಲಿ ಬಾಳಿದವರಿಗೆ ಪೇಟೆಬೀದಿಯ ಜಗುಲಿ ತಮ್ಮದಾಗಿರಲಿಲ್ಲ. ಆದ್ದರಿಂದ ಹಿಂದಕ್ಕೆ ಹೋಗೋಣ ಎಂದು ನಾನು ಹೇಳುತ್ತಿಲ್ಲ. ಮನೆಯ ಆಕಾರಗಳಲ್ಲಿ ನಮಗಿದ್ದ ಜಾಣ್ಮೆಯನ್ನು ಎತ್ತಿಕೊಂಡು, ಅದರೊಳಗಿದ್ದ ಅನ್ಯಾಯವನ್ನು ಬಿಟ್ಟು ಮುಂದೆ ನಡೆಯೋಣ ಎನ್ನುತ್ತಿದ್ದೇನೆ.

3. ನಿಯಮ ಹುಟ್ಟಿದ ಬಗೆ

ಮನೆಯ ಸುತ್ತ ಜಾಗ ಬಿಡಬೇಕೆಂಬ ನಿಯಮ ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ. ಅದರ ಹಿಂದೆ ಒಂದು ದೊಡ್ಡ ಸಾವಿನ ನೆನಪಿದೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಪೇಟೆಗಳೇ ರೋಗದ ತವರು ಎಂದು ಆಡಳಿತ ನಂಬಿತು. ಮುಂಬೈಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬಂತು. ನಮ್ಮ ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೇರ ರಸ್ತೆ, ಮನೆಯ ನಾಲ್ಕೂ ಕಡೆ ತೆರಪು, ಹಿಂದೆ ಜಾಡಮಾಲಿಗಳು ಬರುವ ಗಲ್ಲಿ ಎಂಬ ಮಾದರಿ ನೆಲೆಯಾಯಿತು. ಆ ಗಲ್ಲಿ ಯಾರು ಎದುರು ಬಾಗಿಲಿಗೆ ಬರಬಾರದೆಂದು ಮಾಡಿದ್ದು ಎಂಬುದನ್ನೂ ನಾವು ಮರೆಯಬಾರದು.

ಅದೇ ಕಾಲದಲ್ಲಿ ಇನ್ನೊಂದು ದನಿಯೂ ಇತ್ತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡೆಸ್ 1914ರಿಂದ ಸುಮಾರು ಹತ್ತು ವರ್ಷ ಭಾರತದ ಊರುಗಳನ್ನು ಕಾಲ್ನಡಿಗೆಯಲ್ಲಿ ನೋಡಿ ವರದಿಗಳನ್ನು ಬರೆದರು. ಗಲ್ಲಿಗಳನ್ನು ಕೆಡವಿಹಾಕುವ ಸುಧಾರಣೆಯನ್ನು ಅವರು ಒಪ್ಪಲಿಲ್ಲ. ಪಾಳುಬಿದ್ದ ಒಂದೆರಡು ಮನೆ ಮಾತ್ರ ತೆಗೆದು, ಅಲ್ಲಿ ಗಿಡ ನೆಟ್ಟು ಕಟ್ಟೆ ಕಟ್ಟಿ, ಉಳಿದದ್ದನ್ನು ಉಳಿಸಿಕೊಳ್ಳುವ ಹದವಾದ ಶಸ್ತ್ರಚಿಕಿತ್ಸೆ ಅವರ ದಾರಿ. ಆ ದನಿಯನ್ನು ನಾವು ಕೇಳಿಸಿಕೊಂಡದ್ದು ಕಡಿಮೆ.

ಅತ್ತ ಜರ್ಮನಿಯ ಫ್ರಾಂಕ್‌ಫರ್ಟ್ ನಗರ 1891ರಲ್ಲಿ ಊರನ್ನು ವಲಯಗಳಾಗಿ ವಿಂಗಡಿಸಿತ್ತು. 1916ರಲ್ಲಿ ನ್ಯೂಯಾರ್ಕ್ ತನ್ನ ನಿಯಮ ಮಾಡಿತು. 1926ರಲ್ಲಿ ಯೂಕ್ಲಿಡ್ ಎಂಬ ಹಳ್ಳಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಲಯ ನಿಯಮವನ್ನು ಎತ್ತಿಹಿಡಿಯಿತು. ಒಂಟಿ ಮನೆಗಳ ಬೀದಿಗೆ ಬರುವ ಬಾಡಿಗೆ ಮಹಡಿಮನೆಗಳನ್ನು ಆ ತೀರ್ಪು ಪರಾವಲಂಬಿ ಜೀವಿಗೆ ಹೋಲಿಸಿತು. ಬಾಡಿಗೆಯವರು ಬಂದರೆ ಬೀದಿ ಕೆಡುತ್ತದೆ ಎಂಬ ಅಂಜಿಕೆಗೆ ಕಾನೂನಿನ ಮುದ್ರೆ ಬಿದ್ದದ್ದು ಹೀಗೆ.

ನಮ್ಮ ರಾಜ್ಯದಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಜಾರಿಗೆ ಬಂದದ್ದು 1965ರಲ್ಲಿ. ತುಮಕೂರಿನಂಥ ಊರುಗಳ ನಗರಾಭಿವೃದ್ಧಿ ಪ್ರಾಧಿಕಾರಗಳಿಗೆ ಬುನಾದಿ 1987ರ ಇನ್ನೊಂದು ಕಾಯ್ದೆ. ನ್ಯಾಯವಾಗಿ ಹೇಳಬೇಕೆಂದರೆ, ಅಮೆರಿಕದ ಹಾಗೆ ‘ಇಲ್ಲಿ ಒಂದು ಸಂಸಾರದ ಮನೆ ಮಾತ್ರ’ ಎಂದು ನಮ್ಮ ಹಳದಿ ವಲಯದಲ್ಲಿ ಬರೆದಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಸೆಟ್‌ಬ್ಯಾಕ್, ರಸ್ತೆಯ ಅಗಲ, ನೆಲಕ್ಕೂ ಕಟ್ಟಡಕ್ಕೂ ಇರುವ ಅನುಪಾತವಾದ ಎಫ್‌ಎಆರ್, ಕಾರು ನಿಲ್ಲಿಸುವ ಜಾಗ, ಸೈಟು ಒಡೆಯಲು ಇರುವ ಅಡ್ಡಿ ಇವೆಲ್ಲ ಸೇರಿ ಮಾಡುತ್ತವೆ. ಬಿಡಿಬಿಡಿಯಾಗಿ ಪ್ರತಿಯೊಂದಕ್ಕೂ ಕಾರಣವಿದೆ. ಒಟ್ಟಾದಾಗ ಉಳಿಯುವುದು ಎರಡೇ ಬಗೆ: ಸೈಟಿನ ನಡುವೆ ನಿಂತ ಒಂಟಿ ಮನೆ, ಇಲ್ಲವೆ ಅಗಲ ರಸ್ತೆಯ ಮೇಲಿನ ದೊಡ್ಡ ಅಪಾರ್ಟ್‌ಮೆಂಟು. ಇವೆರಡರ ನಡುವೆ ಇದ್ದ ಜೋಡಿಮನೆ, ಸಾಲುಮನೆ, ವಠಾರ, ಅಂಗಡಿಮನೆ ನಕ್ಷೆಯಿಂದ ಜಾರಿಹೋದವು. ಅತ್ತೆಯ ಪ್ರಶ್ನೆಗೆ ಉತ್ತರ ಇದು. ಯಾವ ಒಂದು ಪುಟದಲ್ಲೂ ಅದನ್ನು ಬರೆದಿಲ್ಲ, ಎಲ್ಲ ಪುಟಗಳೂ ಸೇರಿ ಅದನ್ನೇ ಹೇಳುತ್ತವೆ.

4. ಮೂರಡಿಯ ಲೆಕ್ಕ

ನಕ್ಷೆಗಾರನಾದ ನನಗೆ ಲೆಕ್ಕ ಹೇಳಿದರೇ ಸಮಾಧಾನ. ನಮಗೆಲ್ಲ ಗೊತ್ತಿರುವ 30ಕ್ಕೆ 40ರ ಸೈಟು ತೆಗೆದುಕೊಳ್ಳಿ. ಒಟ್ಟು 1,200 ಚದರಡಿ. ಲೆಕ್ಕಕ್ಕಾಗಿ ಸುತ್ತ ಮೂರು ಮೂರಡಿ ಬಿಟ್ಟರೆಂದು ಹಿಡಿಯೋಣ. ಮನೆಗೆ ಸಿಗುವುದು 24ಕ್ಕೆ 34, ಅಂದರೆ 816 ಚದರಡಿ. ಬಿಟ್ಟ ಜಾಗ 384 ಚದರಡಿ, ಸೈಟಿನ ಹೆಚ್ಚುಕಡಿಮೆ ಮೂರನೇ ಒಂದು ಪಾಲು.

ಆ 384 ಚದರಡಿ ಏನಾಗುತ್ತದೆ ಎಂದು ನಿಮ್ಮ ಮನೆಯ ಪಕ್ಕ ಇಣುಕಿ ನೋಡಿ. ಮೂರಡಿಯ ಓಣಿಯಲ್ಲಿ ಬೋರಿನ ಪೈಪು, ಒಡೆದ ಹೆಂಚು, ಹಳೆಯ ಸೈಕಲ್ಲು. ಪಕ್ಕದ ಮನೆಯವರದೂ ಮೂರಡಿ. ಎರಡು ಮಹಡಿ ಎದ್ದ ಮೇಲೆ ಆ ಆರಡಿಯ ಸೀಳಿನೊಳಗೆ ಬಿಸಿಲು ಇಳಿಯುವುದಿಲ್ಲ. ಕಿಟಕಿ ತೆಗೆದರೆ ಎದುರಿನವರ ಬಚ್ಚಲ ಕಿಟಕಿ.

ಅದೇ 384 ಚದರಡಿಯನ್ನು ಅಂಚಿನಿಂದ ಎತ್ತಿ ಮನೆಯ ನಡುವೆ ಇಡಿ. 16ಕ್ಕೆ 24 ಅಡಿಯ ಒಂದು ತೊಟ್ಟಿಯಾಗುತ್ತದೆ. ಹದಿನಾರು ಗುಣಿಸು ಇಪ್ಪತ್ತನಾಲ್ಕು, ಸರಿಯಾಗಿ ಮುನ್ನೂರ ಎಂಬತ್ತನಾಲ್ಕು. ಅದರ ಸುತ್ತ ಎರಡೋ ಮೂರೋ ಪುಟ್ಟ ಮನೆ ಬಂದರೆ ಪ್ರತಿ ಮನೆಗೂ ಬೆಳಕು, ಮಕ್ಕಳಿಗೆ ಆಡುವ ಅಂಗಳ, ಮುದುಕರಿಗೆ ಕೂರುವ ಕಟ್ಟೆ, ಒಂದು ನುಗ್ಗೆ ಮರ. ಬಿಟ್ಟ ಜಾಗ ಒಂದಿಂಚೂ ಕಡಿಮೆಯಾಗಿಲ್ಲ. ನಿಯಮ ಜಾಗ ಎಷ್ಟು ಎಂದು ಕೇಳುವುದರ ಜೊತೆಗೆ ಜಾಗ ಎಲ್ಲಿ ಎಂದೂ ಕೇಳಿದ್ದರೆ ನಮ್ಮ ಬಡಾವಣೆಗಳ ಮುಖವೇ ಬೇರೆಯಾಗುತ್ತಿತ್ತು.

ಇನ್ನು 20ಕ್ಕೆ 30ರ ಸೈಟು. 600 ಚದರಡಿ. ಇದೇ ಮೂರಡಿ ಬಿಟ್ಟರೆ ಉಳಿಯುವುದು 14ಕ್ಕೆ 24, ಬರೀ 336. ನೂರಕ್ಕೆ 44 ಪಾಲು ಅಂಚಿಗೆ ಹೋಯಿತು. ಸಣ್ಣ ಸೈಟುಗಳಿಗೆ ನಿಯಮಗಳು ಒಂದಿಷ್ಟು ರಿಯಾಯಿತಿ ಕೊಡುತ್ತವೆ ನಿಜ. ಆದರೂ ತತ್ವ ನೋಡಿ: ಸೈಟು ಚಿಕ್ಕದಾದಷ್ಟೂ ಅಂಚಿನ ದಂಡ ದೊಡ್ಡದು, ಬಡವನ ನೆಲ ಬೇಗ ಕರಗುತ್ತದೆ.

5. ಅಕ್ರಮ ಕಲಿಸುವ ಪಾಠ

2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ಆಮೇಲೆ ಏನೇನಾಗಿದೆ ನಿಮಗೆ ಗೊತ್ತು. 2014ರಲ್ಲಿ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಶುರುವಾಯಿತು. 2016ರಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕುಣಿಗಲ್ಲಿಗೆ 2017ರಲ್ಲಿ ಬೆಂಗಳೂರು–ಹಾಸನ ರೈಲು ಬಂತು. ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜುಗಳು, ಮೆಡಿಕಲ್ ಕಾಲೇಜುಗಳು, ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ಸಾವಿರಾರು ಮಂದಿ. ಇವರಲ್ಲಿ ಎಷ್ಟು ಜನರಿಗೆ ಮೂರು ಬೆಡ್‌ರೂಮಿನ ಒಂಟಿ ಮನೆ ಬೇಕು? ಎಷ್ಟು ಜನರಿಗೆ ಅದು ಎಟುಕುತ್ತದೆ?

ಊರಿಗೆ ಬಂದವರು ನಿಯಮಕ್ಕಾಗಿ ಕಾಯುವುದಿಲ್ಲ. ಹಾಗಾಗಿ ಹಿತ್ತಲಲ್ಲಿ ಔಟ್‌ಹೌಸು, ತಾರಸಿಯ ಮೇಲೆ ಶೀಟಿನ ರೂಮು, ಸಂಸಾರದ ಮನೆಯಲ್ಲಿ ಬೋರ್ಡಿಲ್ಲದ ಪಿ.ಜಿ. ಬಂದಿವೆ. ಊರ ಹೊರಗೆ ವಸತಿಗೆ ಪರಿವರ್ತನೆಯಾಗದ ಹೊಲದಲ್ಲಿ ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟುಗಳೂ ಇವೆ. ನಿಜವಾದ ವೈವಿಧ್ಯದ ಮನೆಗಳು ನಮ್ಮಲ್ಲಿ ಈಗಲೂ ಇವೆ, ಆದರೆ ಕತ್ತಲಲ್ಲಿ. ಕತ್ತಲಲ್ಲಿ ಇರುವುದರಿಂದ ಅಲ್ಲಿ ಬೆಂಕಿ ಬಿದ್ದರೆ ಹೊರಗೋಡುವ ದಾರಿ ಇದೆಯೇ ಎಂದು ಯಾರೂ ನೋಡುವುದಿಲ್ಲ, ಬಾಡಿಗೆಯವರು ಗೋಡೆ ಸೋರುತ್ತಿದೆ ಎಂದು ದೂರು ಕೊಡುವಂತಿಲ್ಲ, ಮನೆಯೊಡೆಯರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ.

ಕಟ್ಟಿದ ಮೇಲೆ ದಂಡ ಕಟ್ಟಿಸಿಕೊಂಡು ಸರಿಮಾಡುವ ಅಕ್ರಮ–ಸಕ್ರಮವನ್ನು ಸರ್ಕಾರ ತಂದಿತು. ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ಮನ್ನಿಸುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕೋರ್ಟಿನ ವಿಷಯ ಹಾಗಿರಲಿ. ನೀತಿಯ ಪ್ರಶ್ನೆ ಬೇರೆಯೇ ಇದೆ. ನಿಯಮ ಮುರಿದವನಿಗೆ ಇವತ್ತಲ್ಲ ನಾಳೆ ಖಾತೆ ಸಿಗುತ್ತದೆ, ನಿಯಮ ಪಾಲಿಸಿದ ನನ್ನ ಅತ್ತೆಯಂಥವರ ಮನೆಗೆ ಬೀಗ ಬೀಳುತ್ತದೆ ಎಂದಾದರೆ ಊರು ಮಕ್ಕಳಿಗೆ ಯಾವ ಪಾಠ ಕಲಿಸಿದಂತಾಯಿತು? ಕಟ್ಟಿದ ಮೇಲೆ ಕ್ಷಮಿಸುವುದಕ್ಕಿಂತ, ಕಟ್ಟುವ ಮೊದಲೇ ‘ಹೀಗೆ ಕಟ್ಟು, ಚೆನ್ನಾಗಿ ಕಟ್ಟು’ ಎಂದು ದಾರಿ ತೋರಿಸುವ ನಿಯಮ ಮೇಲು.

6. ಬೇರೆಡೆ ಮಾಡಿ ನೋಡಿದ್ದು

ಅಮೆರಿಕದ ಮಿನಿಯಾಪೊಲಿಸ್ ನಗರ 2018ರ ಡಿಸೆಂಬರಿನಲ್ಲಿ ಒಂಟಿ ಮನೆ ಮಾತ್ರ ಎಂಬ ವಲಯವನ್ನು ತೆಗೆದುಹಾಕಿ, ಅಂಥ ಸೈಟುಗಳಲ್ಲಿ ಮೂರು ಮನೆಗಳವರೆಗೆ ಕಟ್ಟಬಹುದೆಂದು ತೀರ್ಮಾನಿಸಿತು. ಮರುವರ್ಷ ಆರೆಗನ್ ರಾಜ್ಯ ಕಾನೂನನ್ನೇ ಮಾಡಿತು. ನ್ಯೂಜಿಲೆಂಡಿನ ಆಕ್ಲೆಂಡ್ 2016ರ ಯೋಜನೆಯಲ್ಲಿ ವಸತಿ ಜಮೀನಿನ ಸುಮಾರು ಮುಕ್ಕಾಲು ಪಾಲಿನಲ್ಲಿ ಹೆಚ್ಚು ಮನೆಗಳಿಗೆ ಅವಕಾಶ ಕೊಟ್ಟಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿ ಸಾಲುಮನೆಗಳು ಬಹಳವಾಗಿ ಎದ್ದವು. ಜಪಾನಿನಲ್ಲಿ ಅತ್ಯಂತ ಬಿಗಿಯಾದ ತಗ್ಗುಮನೆಗಳ ವಲಯದಲ್ಲೂ ಮನೆಗೆ ಹೊಂದಿಕೊಂಡ ಪುಟ್ಟ ಅಂಗಡಿಗೆ ಅವಕಾಶವಿದೆ. ನಮ್ಮ ಗುಬ್ಬಿಯ ಪೇಟೆಬೀದಿಗೆ ಇದು ಹಳೆಯ ವಿದ್ಯೆ.

ಇವೆಲ್ಲಕ್ಕಿಂತ ಹತ್ತಿರದ ಉದಾಹರಣೆ ಇಂದೋರಿನದು. 1980ರ ದಶಕದಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅಲ್ಲಿ ಅರಣ್ಯ ಎಂಬ ಬಡಾವಣೆ ರೂಪಿಸಿದರು. ಸುಮಾರು 6,500 ನಿವೇಶನಗಳು, ಅತಿ ಚಿಕ್ಕದು 35 ಚದರ ಮೀಟರ್. ಬಡವರಿಗೆ ಕೊಟ್ಟದ್ದು ಕಟ್ಟಿ ಮುಗಿಸಿದ ಮನೆಯಲ್ಲ. ನೆಲ, ನೀರು, ಬಚ್ಚಲು, ಒಂದು ಕೋಣೆಯ ಬುನಾದಿ. ಕೈಯಲ್ಲಿ ಕಾಸಾದಂತೆ ಜನ ಕೋಣೆ ಸೇರಿಸಿದರು, ಮೆಟ್ಟಿಲು ಏರಿಸಿದರು, ಜಗುಲಿ ಮಾಡಿದರು. ಬೇರೆ ಬೇರೆ ಆದಾಯದವರು ಒಂದೇ ಬಡಾವಣೆಯಲ್ಲಿ ನೆಲೆಸುವಂತೆ ಯೋಜನೆಯನ್ನೇ ಹಾಗೆ ಹೆಣೆದಿದ್ದರು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ಇಂದೋರಿನ ನೆಲದಲ್ಲಿ ಆದದ್ದು ನಮ್ಮ ತುಮಕೂರಿನ ಮಗ್ಗುಲಿನ ಮರಳೂರಿನಲ್ಲೋ ಗೂಳೂರಿನಲ್ಲೋ ಆಗಬಾರದೆಂದೇನಿಲ್ಲ.

7. ಏನು ಬದಲಾಗಬೇಕು

ನನ್ನ ಬೇಡಿಕೆಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಹಳದಿ ವಲಯದ ಪ್ರತಿ ಸೈಟಿನಲ್ಲೂ, ನೆಲದ ಮೇಲೆ ಎರಡು ಮಹಡಿಯ ಮಿತಿಯೊಳಗೆ, ಮೂರು ನಾಲ್ಕು ಸಂಸಾರಗಳ ಮನೆ ಕಟ್ಟುವುದು ಹಕ್ಕಾಗಬೇಕು. ವಿಶೇಷ ಅನುಮತಿ ಎಂಬ ಬಾಗಿಲಲ್ಲಿ ಕಾಯುವ ಪಾಡು ತಪ್ಪಬೇಕು.

ಎರಡನೆಯದು, ಪಕ್ಕದವರಿಬ್ಬರೂ ಒಪ್ಪಿದರೆ ನಡುವೆ ಒಂದೇ ಗೋಡೆ ಇರಲಿ. ಅಂಚಿನಲ್ಲಿ ಬಿಡಬೇಕಾದ ಜಾಗವನ್ನು ತೊಟ್ಟಿಯಾಗಿ ಒಳಗೆ ಬಿಟ್ಟರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು, ವಠಾರ ಎಂಬ ಹೆಸರು ನಿಯಮಪುಸ್ತಕಕ್ಕೆ ಬರಬೇಕು. ಪ್ರತಿ ಮನೆಗೆ ತನ್ನದೇ ಕಕ್ಕಸು ಬಚ್ಚಲು, ಪ್ರತಿ ಕೋಣೆಗೆ ಹೊರಗಿನ ಗಾಳಿ, ಬೆಂಕಿ ಬಿದ್ದರೆ ಎರಡು ದಾರಿ, ನಡುವೆ ಇಷ್ಟಡಿ ಅಂಗಳ ಎಂಬ ಷರತ್ತುಗಳೊಡನೆ. ಹೆಣ್ಣುಮಕ್ಕಳ ಹಾಸ್ಟೆಲು, ಒಂಟಿ ದುಡಿಮೆಗಾರರ ವಸತಿ, ವೃದ್ಧರ ಜೋಡಿಮನೆ ಎಲ್ಲಕ್ಕೂ ಇದೇ ಚೌಕಟ್ಟು ಸಾಕು.

ನಾಲ್ಕನೆಯದು, ಬೀದಿಯ ಮುಖದಲ್ಲಿ ಪುಟ್ಟ ಅಂಗಡಿ, ಹೊಲಿಗೆ ಯಂತ್ರ, ಅಂಗನವಾಡಿ, ಡಾಕ್ಟರ ಕೊಠಡಿಗೆ ಎಡೆ ಇರಲಿ. ಹಾಲು ಮೊಸರಿಗೆ ಸ್ಕೂಟರು ತೆಗೆಯಬೇಕಾದ ಬಡಾವಣೆ ಒಳ್ಳೆಯ ಬಡಾವಣೆಯಲ್ಲ.

ಐದನೆಯದು, ಪುಟ್ಟ ಮನೆಗಳಿಗೆ ಕಾರಿನ ಜಾಗ ಕಡ್ಡಾಯ ಮಾಡಬಾರದು. ಕಾರಿಲ್ಲದವರ ಬಾಡಿಗೆಯಲ್ಲಿ ಕಾರಿನ ಮನೆಯ ಖರ್ಚು ಸೇರುವುದು ಅನ್ಯಾಯ.

ಆರನೆಯದು, ಹೊಸ ಬಡಾವಣೆಯಲ್ಲಿ ಸಣ್ಣ ದೊಡ್ಡ ಸೈಟುಗಳು ಒಂದೇ ಬೀದಿಯಲ್ಲಿ ಬೆರೆತಿರಬೇಕು. ಸಣ್ಣ ಸೈಟುಗಳನ್ನೆಲ್ಲ ಮೋರಿ ಪಕ್ಕದ ಮೂಲೆಗೆ ತಳ್ಳಿದರೆ ಊರಾಚೆಯ ಕೇರಿಯನ್ನು ನಾವು ಕಾಗದದ ಮೇಲೆ ಮತ್ತೆ ಕಟ್ಟಿದಂತೆ. ಜಾತಿ, ಧರ್ಮ, ಅಡುಗೆ ಕೇಳಿ ಬಾಡಿಗೆ ನಿರಾಕರಿಸುವ ಕೆಡುಕನ್ನು ವಲಯ ನಿಯಮವೊಂದೇ ತೊಡೆಯಲಾರದು. ಆದರೆ ಒಂದು ಬೀದಿಯಲ್ಲಿ ಬಾಡಿಗೆಗೆ ಹತ್ತು ಮನೆ ಇದ್ದ ಕಡೆ ನಲವತ್ತಾದರೆ, ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ತೆರೆಯುವ ಸಾಧ್ಯತೆ ಹೆಚ್ಚುತ್ತದೆ.

8. ಎದುರು ಮಾತುಗಳಿಗೆ

ನೀರೆಲ್ಲಿದೆ ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ತುಮಕೂರು ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನೀರು. ಜನ ಹೇಗೂ ಬರುತ್ತಾರೆ, ನೀರು ಕುಡಿಯುತ್ತಾರೆ. ಪ್ರಶ್ನೆ ಇರುವುದು ಪೈಪು ಎಷ್ಟು ದೂರ ಎಳೆಯಬೇಕು ಎಂಬುದರಲ್ಲಿ. ಬೀದಿಗೆ 40 ಅಡಿ ಮುಖವಿರುವ ಸೈಟಿನಲ್ಲಿ ಒಂದು ಮನೆ ಇದ್ದರೆ ಆ ಮನೆಯ ಪಾಲಿಗೆ 40 ಅಡಿ ರಸ್ತೆ, 40 ಅಡಿ ನೀರಿನ ಪೈಪು, 40 ಅಡಿ ಒಳಚರಂಡಿ. ನಾಲ್ಕು ಮನೆ ಇದ್ದರೆ ತಲಾ ಹತ್ತಡಿ. ಊರೊಳಗಿನ ಪೈಪನ್ನು ದಪ್ಪ ಮಾಡುವ ಖರ್ಚಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಂಚಿನ ಹೆಗ್ಗೆರೆಯಾಚೆ, ಅಂತರಸನಹಳ್ಳಿಯಾಚೆ ಮೈಲುಗಟ್ಟಲೆ ಹೊಸ ಪೈಪು ಎಳೆಯುವುದಕ್ಕಿಂತ ಅದು ಹಗುರ.

ಬೀದಿಯ ನೆಮ್ಮದಿ ಹೋಗುತ್ತದೆ ಎನ್ನುವವರ ಮಾತನ್ನೂ ನಾನು ಗೌರವದಿಂದ ಕೇಳುತ್ತೇನೆ. ಎರಡು ಮಹಡಿಯ ಮಿತಿ, ಬೆಳಕಿನ ಷರತ್ತು, ಗದ್ದಲದ ಕಸುಬುಗಳಿಗೆ ನಿರ್ಬಂಧ ಇರಲೇಬೇಕು. ಆದರೆ ರಾತ್ರಿ ಎಂಟಕ್ಕೆ ಜನವೇ ಕಾಣದ, ಅರ್ಧ ಮನೆಗಳಿಗೆ ಬೀಗ ಬಿದ್ದ ಬೀದಿಗಿಂತ, ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುವ ಬೀದಿ ನಮ್ಮ ಹೆಣ್ಣುಮಕ್ಕಳಿಗೆ ಹೆಚ್ಚು ಸುರಕ್ಷಿತ.

9. ಬೆಟ್ಟದ ಮಾತು

ಮನೆಯ ಮಾತಿಗೆ ಬೆಟ್ಟಕ್ಕೇಕೆ ಬಂದಿರಿ ಎಂದು ನೀವು ಕೇಳಬಹುದು. ಸುಮಾರು 1,200 ಮೀಟರ್ ಎತ್ತರದ ಈ ದುರ್ಗದಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ದಕ್ಷಿಣಕ್ಕೆ ಹರಿಯುತ್ತದೆ. ಗುಬ್ಬಿಯವರ ಕಡಬದ ಕೆರೆ, ಕುಣಿಗಲ್ಲಿನವರ ಮಾರ್ಕೋನಹಳ್ಳಿ ಜಲಾಶಯ ಎರಡೂ ಆ ಶಿಂಷೆಯವೇ. ನಾವು ಮೂರೂ ಊರಿನವರು ಇಲ್ಲಿ ಸೇರಿರುವುದಕ್ಕೆ ಇದಕ್ಕಿಂತ ಹಳೆಯ ನಂಟು ಬೇರೆ ಬೇಕಿಲ್ಲ.

ಮೊನ್ನೆ ಸಂಜೆ ಮೇಲಿನ ಬಂಡೆಯ ಮೇಲೆ ನಿಂತು ತುಮಕೂರಿನ ಕಡೆ ನೋಡಿದೆ. ನನ್ನ ಯೌವನದಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ದೀಪಗಳು ಈಗ ಸಾಲಾಗಿ ಬೆಟ್ಟದ ಬುಡದತ್ತ ಬರುತ್ತಿವೆ. ಊರೊಳಗೆ 40ಕ್ಕೆ 60ರ ಸೈಟಿನಲ್ಲಿ ಮೂರು ಸಂಸಾರಕ್ಕೆ ಎಡೆ ಸಿಗದಾಗ ಆ ಮೂರು ಸಂಸಾರಗಳೂ ರಾಗಿ ಹೊಲವನ್ನೋ ಮಾವಿನ ತೋಪನ್ನೋ ಹುಡುಕಿಕೊಂಡು ಹೊರಡುತ್ತವೆ. ಆ ಜನರ ತಪ್ಪಲ್ಲ ಅದು. ನಾವು ಕೊಡದ ಎಡೆಯನ್ನು ಅವರು ಬೇರೆಡೆ ಹುಡುಕುತ್ತಾರೆ. ಆದ್ದರಿಂದ ಹಳದಿಯೊಳಗೆ ಉದಾರವಾಗಿರುವ ನಿಯಮ ಹಸಿರಿನ ಗಡಿಯಲ್ಲಿ ಬಿಗಿಯಾಗಿರಬೇಕು. ಕೆರೆಯಂಗಳ, ರಾಜಕಾಲುವೆ, ದುರ್ಗದ ಕಾಡು, ಇವುಗಳಲ್ಲಿ ಒಂದಡಿಯನ್ನೂ ಬಿಟ್ಟುಕೊಡಬಾರದು. ಒಳಗೆ ದಾರಿ ಬಿಟ್ಟವರಿಗೆ ಮಾತ್ರ ಹೊರಗೆ ಬೇಲಿ ಹಾಕುವ ನೈತಿಕ ಬಲ ಇರುತ್ತದೆ.

ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆಗಳಿಗೆ ಅವಕಾಶವಿದೆ. ನಾನು ಸೇವೆಯಲ್ಲಿದ್ದಾಗ ಬರುತ್ತಿದ್ದ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಜಮೀನಿನ ಬಣ್ಣ ಬದಲಿಸಿ ಎಂದು ಕೇಳುವ ಭೂಮಾಲೀಕರವು. ಬಾಡಿಗೆ ಮನೆಯಲ್ಲಿರುವವರು, ವಿದ್ಯಾರ್ಥಿಗಳು, ವಿಧವೆಯರು ಬರೆದ ಕಾಗದ ನನ್ನ ಮೇಜಿಗೆ ಬಂದ ನೆನಪಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ಕರಡು ಬಂದಾಗ ತುಮಕೂರಿನವರಾಗಲಿ, ಗುಬ್ಬಿಯವರಾಗಲಿ, ಕುಣಿಗಲ್ಲಿನವರಾಗಲಿ, ಕನ್ನಡದಲ್ಲಿ ಒಂದು ಪುಟ ಬರೆಯಿರಿ. ನಮ್ಮ ಮನೆಯಲ್ಲಿ ಇಷ್ಟು ಜನ ಇದ್ದೇವೆ, ನಮಗೆ ಇಂಥ ಮನೆ ಬೇಕು, ನಮ್ಮ ಬೀದಿಯಲ್ಲಿ ಅದನ್ನು ಕಟ್ಟಲು ಬಿಡಿ ಎಂದು ಬರೆಯಿರಿ. ನನ್ನ ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು, ಅವರ ಹೆಸರಿನಲ್ಲಿ ನಾನೂ ಒಂದು ಪುಟ ಬರೆದು ಇಟ್ಟುಕೊಂಡಿದ್ದೇನೆ. ನೀವು ಬರೆದ ಮೇಲೆ ಒಟ್ಟಿಗೆ ಹೋಗಿ ಕೊಡೋಣ.